ಪಿಕಪ್‌ಗೆ ಯಾವ ಇಂಜಿನ್ ಆಯಿಲ್: ಹಳೇ ಗಾಡಿಯ ಲೆಕ್ಕ ಬೇರೆ, ಹೊಸ ಗಾಡಿಯ ಲೆಕ್ಕ ಬೇರೆ

ನಮ್ಮ ಮನೆಯಲ್ಲಿ ಎರಡು ಪಿಕಪ್ ಇವೆ. ಒಂದು 2018ರ ಬಿಎಸ್-4 ಗಾಡಿ, ಇನ್ನೊಂದು 2021ರಲ್ಲಿ ತಂದ ಬಿಎಸ್-6. (ಬಿಎಸ್ ಅಂದರೆ ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿ, ಅಂಕಿ ದೊಡ್ಡದಾದಷ್ಟೂ ಮಿತಿ ಬಿಗಿ.) ಟೊಮೆಟೊ ಸೀಸನ್ ಬಂದರೆ ಕೋಲಾರ ಎಪಿಎಂಸಿಯಿಂದ ಚೆನ್ನೈ ಕಡೆಗೆ ಲೋಡು, ಇಲ್ಲದಾಗ ಸಿಕ್ಕ ಬಾಡಿಗೆ. ಹೊಸ ಗಾಡಿಯನ್ನು ದೂರ ಕಳಿಸಿ ಯಾಕೆ ಸವೆಸಬೇಕು ಅಂದುಕೊಂಡು ಅದನ್ನು ಟೌನಿನ ಓಡಾಟಕ್ಕೇ ಇಟ್ಟುಕೊಂಡಿದ್ದೆವು. ಸಿಮೆಂಟು, ಹಸುಗಳ ಫೀಡು, ಮದುವೆ ಮನೆಯ ಪಾತ್ರೆ. ನಾಲ್ಕು ಕಿಲೋಮೀಟರು ಹೋಗುವುದು, ಇಳಿಸುವುದು, ಆಫ್ ಮಾಡುವುದು, ಮತ್ತೆ ನಾಲ್ಕು ಕಿಲೋಮೀಟರು. ಒಂದು ಬೆಳಿಗ್ಗೆ ಆಯಿಲ್ ಗೇಜ್ ಎಳೆದು ನೋಡಿದ ನಮ್ಮ ಡ್ರೈವರ್ ಹುಡುಗ ಖುಷಿಯಾಗಿ ಕೂಗಿದ: "ಅಣ್ಣಾ, ಈ ಗಾಡಿ ಒಂದು ತೊಟ್ಟು ಆಯಿಲ್ ಕುಡಿಯಲ್ಲ. ಹಾಕಿದ್ದಕ್ಕಿಂತ ಜಾಸ್ತಿನೇ ಐತೆ ನೋಡಿ."

ನನಗೂ ಖುಷಿಯೇ ಆಯಿತು. ಹಳೇ ಗಾಡಿ ತಿಂಗಳಿಗೆ ಕಾಲು ಲೀಟರಾದರೂ ಕುಡಿಯುತ್ತಿತ್ತು, ಇದು ಕುಡಿಯುವುದೇ ಇಲ್ಲವಲ್ಲ ಎಂದು. ಎರಡು ವಾರ ಕಳೆದು ಬ್ರೇಕ್ ನೋಡಿಸಲು ಹೋದಾಗ ಮೆಕ್ಯಾನಿಕ್ ಸುಮ್ಮನೆ ಗೇಜ್ ಎಳೆದು, ತುದಿಯನ್ನು ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದರು. ಏನೂ ಹೇಳದೆ ನನ್ನ ಕಡೆ ಚಾಚಿದರು. ಡೀಸೆಲ್ ವಾಸನೆ. ಡ್ರೈನ್ ಬೋಲ್ಟ್ ಬಿಚ್ಚಿದರೆ ಆಯಿಲ್ ಎಳೆಎಳೆಯಾಗಿ ಬೀಳಲಿಲ್ಲ, ಕಪ್ಪು ನೀರಿನ ಹಾಗೆ ಸುರಿಯಿತು. ಆ ಇಂಜಿನ್ ಎಷ್ಟು ದಿನದಿಂದ ಆ ನೀರಿನ ಮೇಲೆ ಓಡುತ್ತಿತ್ತೋ.

ಮಟ್ಟ ಇಳಿದರೆ ಕೆಟ್ಟದ್ದು ಎಂದು ಎಲ್ಲರಿಗೂ ಗೊತ್ತು. ಏರಿದರೂ ಕೆಟ್ಟದ್ದು ಎಂಬುದು ಬಿಎಸ್-6 ಗಾಡಿ ಇಟ್ಟುಕೊಂಡ ಎಷ್ಟೋ ಮಂದಿಗೆ ಇನ್ನೂ ತಿಳಿದಿಲ್ಲ. ಆಯಿಲ್ ಆರಿಸುವ ಮಾತು ಬಂದರೆ ನಾವು ಕಂಪನಿ ಹೆಸರು, ರೇಟು, ಮಿನರಲ್ಲೋ (ಕಚ್ಚಾ ತೈಲ ಶುದ್ಧಮಾಡಿ ತೆಗೆದದ್ದು) ಸಿಂಥೆಟಿಕ್ಕೋ (ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಸಿದ್ಧಪಡಿಸಿದ್ದು) ಎಂಬಲ್ಲಿಂದ ಶುರು ಮಾಡುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಎರಡಿವೆ. ಗಾಡಿ ಯಾವುದು? ಅದರ ದಿನದ ಓಟ ಎಂಥದ್ದು?

ಬಿಎಸ್-4ಗೆ ಒಂದು, ಬಿಎಸ್-6ಗೆ ಇನ್ನೊಂದು

ದೇಶದಾದ್ಯಂತ ಬಿಎಸ್-4 ಕಡ್ಡಾಯವಾದದ್ದು 2017ರ ಏಪ್ರಿಲ್ 1ರಿಂದ, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ರಿಂದ. ನಿಮ್ಮದು ಯಾವುದೆಂಬ ಅನುಮಾನವಿದ್ದರೆ ಆರ್‌ಸಿ ಕಾರ್ಡ್ ತೆಗೆದು ನೋಡಿ. ಬಿಎಸ್-6 ಡೀಸೆಲ್ ಪಿಕಪ್‌ಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಜಾಲರಿ ಡಬ್ಬಿ ಇರುತ್ತದೆ. ಹೊಗೆಯಲ್ಲಿ ಬರುವ ಮಸಿಯನ್ನು ಹಿಡಿದಿಟ್ಟು, ತುಂಬುತ್ತಾ ಬಂದಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಅದನ್ನು ಸುಡುವುದು ಅದರ ಕೆಲಸ.

ಸೌದೆ ಒಲೆ ಉರಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಸಿ ಬೇರೆ, ಬೂದಿ ಬೇರೆ. ಮಸಿಯನ್ನು ಇನ್ನಷ್ಟು ಕಾವು ಕೊಟ್ಟು ಸುಡಬಹುದು. ಬೂದಿಯನ್ನು ಎಷ್ಟು ಸುಟ್ಟರೂ ಅದು ಬೂದಿಯೇ, ಕೆರೆದು ತೆಗೆಯದೆ ಹೋಗುವುದಿಲ್ಲ. ಡಿಪಿಎಫ್‌ಗೆ ಈ ಬೂದಿ ಬರುವುದು ಹೆಚ್ಚಾಗಿ ಇಂಜಿನ್ ಆಯಿಲ್‌ನಿಂದಲೇ. ಆಯಿಲ್‌ನಲ್ಲಿ ಕೊಳೆ ತೊಳೆಯಲು, ಸವೆತ ತಡೆಯಲು ಬೆರೆಸಿದ ಕ್ಯಾಲ್ಸಿಯಂ, ಸತುವಿನಂಥ ಲೋಹದ ಅಂಶಗಳು ಸುಟ್ಟಾಗ ಬೂದಿಯಾಗಿ ಜಾಲರಿಯಲ್ಲಿ ಕೂರುತ್ತವೆ.

ಡಬ್ಬಿಯ ಹಿಂಬದಿಯಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ) ಎಂದು ಬರೆದು ಮುಂದೆ ಇರುವ ಅಕ್ಷರಗಳನ್ನು ಇದಕ್ಕೇ ಓದಬೇಕು. ನಮ್ಮ ಕಡೆ ಅಂಗಡಿಗಳಲ್ಲಿ ಹೆಚ್ಚು ಕಾಣುವುದು ಎರಡು: ಸಿಐ-4 ಪ್ಲಸ್ ಮತ್ತು ಸಿಕೆ-4. ಸಿಐ-4 ದರ್ಜೆ ಬಂದದ್ದು 2002ರಲ್ಲಿ, ಪ್ಲಸ್ ಅದರದೇ ಸುಧಾರಿಸಿದ ರೂಪ. ಡೀಸೆಲ್‌ನಲ್ಲಿ ಗಂಧಕ ಹೆಚ್ಚಿದ್ದ ಕಾಲದ ದರ್ಜೆಯದು, ಬೂದಿಗೆ ಮಿತಿ ಹಾಕಿರಲಿಲ್ಲ. ಸಿಕೆ-4 ಬಂದದ್ದು 2016ರ ಕೊನೆಗೆ. ಅದರಲ್ಲಿ ಬೂದಿಯ ಅಂಶ ಶೇಕಡಾ 1 ಮೀರುವಂತಿಲ್ಲ. ಇನ್ನು ಯುರೋಪಿನ ಎಸಿಇಎ ದರ್ಜೆಯ ಸಿ2, ಸಿ3 ಎಂಬವು ಇನ್ನೂ ಬಿಗಿ, ಶೇಕಡಾ 0.8ರೊಳಗೆ. ಹಗುರ ಡೀಸೆಲ್ ಗಾಡಿಗಳ ಮ್ಯಾನ್ಯುವಲ್‌ನಲ್ಲಿ ಈ ಸಿ2 ಅಥವಾ ಸಿ3 ಹೆಸರು ಕಂಡರೆ ಅದನ್ನೇ ಹಾಕಬೇಕು, ಮಾತೇ ಇಲ್ಲ.

ಹಾಗಾದರೆ ನನ್ನ ಅಭಿಪ್ರಾಯ ಇಷ್ಟು. ಬಿಎಸ್-4 ಗಾಡಿಗೆ ಸಿಐ-4 ಪ್ಲಸ್ ಧಾರಾಳವಾಗಿ ಸಾಕು. ಸಿಕೆ-4 ಹಾಕಿದರೂ ತೊಂದರೆಯಿಲ್ಲ, ಅದು ಹಿಂದಿನ ದರ್ಜೆಗಳ ಜಾಗದಲ್ಲಿ ನಡೆಯುವಂತೆಯೇ ಮಾಡಿದ್ದು. ಆದರೆ ಬಿಎಸ್-6 ಗಾಡಿಗೆ ಸಿಐ-4 ಪ್ಲಸ್ ಬೇಡವೇ ಬೇಡ. ಮೇಲಿಂದ ಮೇಲೆ ಹಾಕಿದರೆ ಅವತ್ತೇ ಏನೂ ಆಗುವುದಿಲ್ಲ, ಅದೇ ಅಪಾಯ. ಗಾಡಿ ಚೆನ್ನಾಗಿಯೇ ಓಡುತ್ತದೆ, ಒಂದೆರಡು ವರ್ಷದಲ್ಲಿ ಎಳೆತ ಕಡಿಮೆಯಾಗುತ್ತದೆ, ಡಿಪಿಎಫ್ ಲ್ಯಾಂಪು ಪದೇ ಪದೇ ಹತ್ತುತ್ತದೆ. ಆಗ ಯಾರಿಗೂ ಆಯಿಲ್ ನೆನಪಿಗೆ ಬರುವುದಿಲ್ಲ. ನಮ್ಮ ಹೊಸ ಗಾಡಿಗೆ ಒಂದು ಸಲ ದಾರಿಯ ಗ್ಯಾರೇಜಿನಲ್ಲಿ ಬ್ಯಾರಲ್ಲಿನಿಂದ ತೆಗೆದ ಲೂಸ್ ಆಯಿಲ್ ಹಾಕಿಬಿಟ್ಟಿದ್ದರು. "ಎಲ್ಲಾ ಗಾಡಿಗೂ ಇದೇ ಹಾಕೋದು ಅಣ್ಣ" ಎಂದರು. ಎಲ್ಲಾ ಗಾಡಿಗೂ ಒಂದೇ ಆಯಿಲ್ ನಡೆಯುತ್ತಿದ್ದ ಕಾಲ 2020ಕ್ಕೇ ಮುಗಿಯಿತು.

ಎರಡೂ ಬಗೆಯ ಗಾಡಿ ಇರುವವರು ಮನೆಯಲ್ಲಿ ಎರಡು ಡಬ್ಬಿ ಇಟ್ಟುಕೊಂಡು ಅದಲುಬದಲಾಗುವ ಭಯಪಡುತ್ತಾರೆ. ಬಿಎಸ್-6ರ ಮ್ಯಾನ್ಯುವಲ್ ಸಿಕೆ-4 ಒಪ್ಪುವುದಾದರೆ, ಗ್ರೇಡ್ (15ಡಬ್ಲ್ಯು-40ರಂಥ ದಪ್ಪ-ತೆಳುವಿನ ಅಂಕಿ) ಎರಡಕ್ಕೂ ಒಂದೇ ಇದ್ದರೆ, ಎರಡಕ್ಕೂ ಸಿಕೆ-4 ಒಂದನ್ನೇ ತಂದಿಟ್ಟುಕೊಳ್ಳಿ. ಹಳೇ ಗಾಡಿಗೆ ನಾಲ್ಕು ಕಾಸು ಹೆಚ್ಚು ಬೀಳಬಹುದು, ತಪ್ಪು ಡಬ್ಬಿ ಸುರಿಯುವ ಪ್ರಮೇಯವೇ ಇರುವುದಿಲ್ಲ.

15ಡಬ್ಲ್ಯು-40 ಮತ್ತು 5ಡಬ್ಲ್ಯು-30

ಡಬ್ಲ್ಯು ಅಂದರೆ ಚಳಿಗಾಲ. ಡಬ್ಲ್ಯುಗೆ ಮೊದಲು ಬರುವ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸು ಎಂಬುದನ್ನು ಹೇಳುತ್ತದೆ, ಅಂಕಿ ಸಣ್ಣದಾದಷ್ಟೂ ಚಳಿಯಲ್ಲಿ ಬೇಗ ಹರಿಯುತ್ತದೆ. ಡಬ್ಲ್ಯು ಆದಮೇಲೆ ಬರುವ ಅಂಕಿ ಇಂಜಿನ್ ಕಾದಾಗಿನ ಗಟ್ಟಿತನ. 15ಡಬ್ಲ್ಯು ಆಯಿಲನ್ನು ಮೈನಸ್ 20 ಡಿಗ್ರಿಯಲ್ಲಿ, 5ಡಬ್ಲ್ಯು ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ ಸ್ಟಾರ್ಟಿಂಗ್ ಪರೀಕ್ಷೆ ಮಾಡುತ್ತಾರೆ. ನಮ್ಮ ಸೀಮೆಯ ಮಾರ್ಗಶಿರದ ಚಳಿಗೆ ಇದೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ "ಚಳಿಗೆ ಒಳ್ಳೇದು, 5ಡಬ್ಲ್ಯು ಹಾಕಿಸಿ" ಎಂದು ಹಳೇ ಗಾಡಿಗೆ ಮಾರಲು ಬಂದರೆ ಒಪ್ಪಬೇಡಿ.

ಹಾಗೆಂದು ಹೊಸ ಗಾಡಿಗೆ ಕಂಪನಿ 5ಡಬ್ಲ್ಯು-30 ಹೇಳಿದ್ದರೆ "ನಮ್ಮ ಬಿಸಿಲಿಗೆ ದಪ್ಪ ಆಯಿಲ್ ಇರಲಿ" ಎಂದು 20ಡಬ್ಲ್ಯು-50 ಸುರಿಯುವುದೂ ತಪ್ಪು. ಇಂಜಿನ್ ಒಳಗಿನ ಶಾಖವನ್ನು ಥರ್ಮೋಸ್ಟಾಟ್ ಮತ್ತು ಕೂಲೆಂಟ್ ಹಿಡಿತದಲ್ಲಿ ಇಡುತ್ತವೆ, ಹೊರಗೆ 38 ಡಿಗ್ರಿ ಬಿಸಿಲಿದ್ದರೂ ಒಳಗಿನ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ತೆಳು ಆಯಿಲ್‌ಗೆಂದು ಮಾಡಿದ ಸಣ್ಣ ದಾರಿಗಳಲ್ಲಿ ದಪ್ಪ ಆಯಿಲ್ ಬೆಳಗಿನ ಮೊದಲ ಸ್ಟಾರ್ಟಿಗೆ ನಿಧಾನವಾಗಿ ತಲುಪುತ್ತದೆ. ಮೈಲೇಜೂ ಬಿಡುತ್ತದೆ.

ಲಕ್ಷಾಂತರ ಕಿಲೋಮೀಟರ್ ಓಡಿ ಸವೆದ ಹಳೇ ಇಂಜಿನ್ನಿಗೆ ಒಂದು ಮಟ್ಟ ದಪ್ಪ ಹಾಕಬಹುದೇ ಎಂದು ಕೇಳುತ್ತಾರೆ. ಮ್ಯಾನ್ಯುವಲ್‌ನಲ್ಲಿ ಆ ಗ್ರೇಡೂ ಇದ್ದರೆ ಹಾಕಿ. ಹೊಗೆ ಸ್ವಲ್ಪ ಕಡಿಮೆಯಾಗುತ್ತದೆ, ಸದ್ದು ಸ್ವಲ್ಪ ತಗ್ಗುತ್ತದೆ. ಸವೆದದ್ದು ಸವೆದೇ ಇರುತ್ತದೆ.

ಮಿನರಲ್, ಸೆಮಿ, ಸಿಂಥೆಟಿಕ್: ಕಿಲೋಮೀಟರಿಗೆ ಎಷ್ಟು ಬಿತ್ತು ನೋಡಿ

ಡಬ್ಬಿಯ ರೇಟು ನೋಡಿ ನಿರ್ಧರಿಸುವುದು ನಮ್ಮೆಲ್ಲರ ಅಭ್ಯಾಸ. ಕಿಲೋಮೀಟರಿಗೆ ಎಷ್ಟು ಬೀಳುತ್ತದೆ ಎಂದು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಲೆಕ್ಕಕ್ಕೆಂದು ಹಿಡಿಯೋಣ: ಮಿನರಲ್ ಆಯಿಲ್, ಫಿಲ್ಟರ್, ಕೂಲಿ ಸೇರಿ 3,000 ರೂಪಾಯಿ, 10,000 ಕಿಲೋಮೀಟರಿಗೊಮ್ಮೆ ಬದಲು. ಕಿಲೋಮೀಟರಿಗೆ 30 ಪೈಸೆ ಆಯಿತು. ಸಿಂಥೆಟಿಕ್ ಎಲ್ಲ ಸೇರಿ 5,400 ರೂಪಾಯಿ, ಕಂಪನಿ 20,000 ಕಿಲೋಮೀಟರಿಗೊಮ್ಮೆ ಸಾಕು ಎಂದಿದೆ. ಕಿಲೋಮೀಟರಿಗೆ 27 ಪೈಸೆ. ವರ್ಷಕ್ಕೆ 50,000 ಕಿಲೋಮೀಟರ್ ಓಡುವ ಗಾಡಿಗೆ ಒಂದು 15,000 ರೂಪಾಯಿ, ಇನ್ನೊಂದು 13,500. ನಿಮ್ಮ ಊರಿನ ರೇಟು ಹಾಕಿ ನೀವೇ ಗುಣಿಸಿ ನೋಡಿ.

ಇದರ ಪಕ್ಕದಲ್ಲಿ ಡೀಸೆಲ್ ಇಡಿ. ಲೀಟರಿಗೆ 14 ಕಿಲೋಮೀಟರ್ ಕೊಡುವ ಗಾಡಿಗೆ, ಲೀಟರ್ 90 ರೂಪಾಯಿ ಎಂದರೆ, ಕಿಲೋಮೀಟರಿಗೆ 6 ರೂಪಾಯಿ 40 ಪೈಸೆಯಷ್ಟು. ಆಯಿಲ್ ಅದರ ಇಪ್ಪತ್ತನೇ ಒಂದು ಪಾಲು ಕೂಡ ಇಲ್ಲ. ಇಂಥ ಸಣ್ಣ ಖರ್ಚಿನಲ್ಲಿ ಉಳಿಸಲು ಹೋಗಿ ಇಂಜಿನ್ ಬೋರಿಗೆ ತಂದುಕೊಂಡವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಇಂಜಿನ್ ಇಳಿಸಿದರೆ ಪಿಸ್ಟನ್ನು, ಬೇರಿಂಗು, ಕೂಲಿ ಒಂದು ಕಡೆ. ಅಷ್ಟು ದಿನ ಬಾಡಿಗೆ ನಿಂತು ಕಂತು ಮಾತ್ರ ನಿಲ್ಲುವುದಿಲ್ಲವಲ್ಲ, ಅದು ಇನ್ನೊಂದು ಕಡೆ.

ಆದರೂ ಎಲ್ಲರೂ ಸಿಂಥೆಟಿಕ್ಕೇ ಹಾಕಿ ಎಂದು ನಾನು ಹೇಳುವುದಿಲ್ಲ. ಸಿಂಥೆಟಿಕ್‌ನ ಲಾಭ ಇರುವುದು ಹೆಚ್ಚು ಶಾಖ ತಡೆಯುವುದರಲ್ಲಿ, ಬೇಗ ಗಟ್ಟಿಯಾಗದೆ ಇರುವುದರಲ್ಲಿ. ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುರುಕುವ ಚಕ್ರ) ಇರುವ ಇಂಜಿನ್, ಭಾರದ ಲೋಡು, ಘಾಟಿ ದಾರಿ, ದಿನಕ್ಕೆ 300 ಕಿಲೋಮೀಟರ್ ಓಟ ಇದ್ದವರಿಗೆ ಅದರ ದುಡ್ಡು ವಾಪಸ್ ಬರುತ್ತದೆ. ಶಿರಾಡಿ, ಚಾರ್ಮಾಡಿ ಹತ್ತಿ ಇಳಿಯುವವರು ಕಣ್ಣು ಮುಚ್ಚಿ ಹಾಕಿಸಬಹುದು. ಟರ್ಬೊದ ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತಿನ ಮೇಲೆ ತಿರುಗುತ್ತದೆ, ಅದನ್ನು ತೇಲಿಸಿ ಹಿಡಿಯುವುದು ಇದೇ ಆಯಿಲ್. ಘಾಟಿ ಹತ್ತಿ ಟೀ ಕುಡಿಯಲು ನಿಲ್ಲಿಸಿದಾಗ ಕೂಡಲೇ ಆಫ್ ಮಾಡದೆ ಒಂದು ನಿಮಿಷ ಐಡಲಿಂಗ್‌ನಲ್ಲಿ ಬಿಡುವುದು ಯಾವ ಆಯಿಲ್ ಹಾಕಿದವರಿಗೂ ಅನ್ವಯ.

ತೋಟದಿಂದ ಮಂಡಿಗೆ, ಮಂಡಿಯಿಂದ ಮನೆಗೆ, ತಿಂಗಳಿಗೆ ಸಾವಿರ ಕಿಲೋಮೀಟರೂ ಓಡದ ಬಿಎಸ್-4 ಗಾಡಿಗೆ ಮಿನರಲ್ 15ಡಬ್ಲ್ಯು-40 ಹಾಕಿ, ಓಟ ಆಗಲಿ ಬಿಡಲಿ ವರ್ಷಕ್ಕೊಮ್ಮೆ ಬದಲಾಯಿಸುವುದು ಮೇಲು. ನಿಂತ ಗಾಡಿಯ ಆಯಿಲ್‌ಗೂ ವಯಸ್ಸಾಗುತ್ತದೆ. ಸೆಮಿ ಸಿಂಥೆಟಿಕ್ ಇವೆರಡರ ನಡುವಿನದು, ಆದರೆ ಎಷ್ಟು ಪಾಲು ಸಿಂಥೆಟಿಕ್ ಎಂದು ಡಬ್ಬಿ ಹೇಳುವುದಿಲ್ಲ. ಅದಕ್ಕೇ ನಾನು ಆ ಪದಕ್ಕಿಂತ ಡಬ್ಬಿಯ ಹಿಂಬದಿಯ ದರ್ಜೆಯ ಅಕ್ಷರಗಳನ್ನು ನಂಬುತ್ತೇನೆ.

ಇನ್ನೊಂದು ವಿಷಯ ಬಹಳ ಮಂದಿ ಬಿಡುತ್ತಾರೆ: ನಿಂತಲ್ಲೇ ಓಡುವ ಇಂಜಿನ್. ಎಪಿಎಂಸಿ ಸಾಲಿನಲ್ಲಿ ಎರಡು ಗಂಟೆ ಸ್ಟಾರ್ಟ್‌ನಲ್ಲೇ ಇದ್ದರೆ ಮೀಟರಿನಲ್ಲಿ ಒಂದು ಕಿಲೋಮೀಟರೂ ಏರುವುದಿಲ್ಲ, ಆಯಿಲ್ ಮಾತ್ರ ಎರಡು ಗಂಟೆ ದುಡಿದಿರುತ್ತದೆ. ನಾನು ಒಂದು ಗಂಟೆಯನ್ನು 40 ಕಿಲೋಮೀಟರ್ ಎಂದು ಲೆಕ್ಕಕ್ಕೆ ಸೇರಿಸುತ್ತೇನೆ. ಸೀಸನ್ನಿನಲ್ಲಿ ದಿನಾ ಎರಡು ಗಂಟೆ ಎಂದರೆ ತಿಂಗಳಿಗೆ 2,400 ಕಿಲೋಮೀಟರ್ ಆಯಿತು, ಮೀಟರಿಗೆ ಕಾಣದ ಓಟ.

ಗೇಜ್ ನೋಡುವುದು

ಎಂಥ ದುಬಾರಿ ಆಯಿಲ್ ಹಾಕಿದರೂ ವಾರಕ್ಕೊಮ್ಮೆ ಗೇಜ್ ಎಳೆಯದವನ ಗಾಡಿಗಿಂತ, ಸಾಧಾರಣ ಆಯಿಲ್ ಹಾಕಿ ತಪ್ಪದೆ ನೋಡುವವನ ಗಾಡಿ ಹೆಚ್ಚು ಬಾಳುತ್ತದೆ.

ಪಿಕಪ್‌ನಲ್ಲಿ ಒಂದು ವಿಶೇಷ ತೊಡಕಿದೆ. ಲೋಡು ಹಾಕಿದಾಗ ಹಿಂದಿನ ಪಟ್ಟಾ ಕುಗ್ಗಿ ಮೂತಿ ಮೇಲೇಳುತ್ತದೆ. ಚೇಂಬರ್‌ನ (ಇಂಜಿನ್ ತಳದ ಆಯಿಲ್ ತೊಟ್ಟಿಯ) ಆಯಿಲ್ ಹಿಂದಕ್ಕೆ ಸರಿಯುತ್ತದೆ, ಗೇಜ್ ತಪ್ಪು ಹೇಳುತ್ತದೆ. ಕೆಲವು ಇಂಜಿನ್‌ನಲ್ಲಿ ಕಡಿಮೆ ತೋರಿಸಿದರೆ ಕೆಲವದರಲ್ಲಿ ಹೆಚ್ಚು. ಲೋಡಾದ ಮೇಲೆ, ಎಪಿಎಂಸಿಯ ಏರುತಗ್ಗಿನ ಅಂಗಳದಲ್ಲಿ ನೋಡಿ "ಕಡಿಮೆ ಐತೆ" ಎಂದು ಅರ್ಧ ಲೀಟರ್ ಸುರಿದರೆ ಮನೆಗೆ ಬಂದು ಖಾಲಿ ಗಾಡಿಯಲ್ಲಿ ನೋಡುವಾಗ ಮ್ಯಾಕ್ಸ್ ಗೆರೆ ದಾಟಿರುತ್ತದೆ. ಖಾಲಿ ಗಾಡಿ, ಸಮ ನೆಲ, ಯಾವಾಗಲೂ ಅದೇ ಜಾಗ. ನಮ್ಮ ಮನೆ ಮುಂದೆ ಕಡಪ ಕಲ್ಲು ಹಾಸಿದ ಕಡೆ ನಾಲ್ಕು ಚಕ್ರಕ್ಕೂ ಸುಣ್ಣದಲ್ಲಿ ಗುರುತು ಹಾಕಿದ್ದೇವೆ.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡುವುದು ಒಳ್ಳೆಯದೋ, ಓಡಿ ಬಂದ ಮೇಲೋ? ಕಾದ ಇಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಬಿಟ್ಟು ನೋಡಿ ಎನ್ನುವ ಮ್ಯಾನ್ಯುವಲ್‌ಗಳೇ ಹೆಚ್ಚು, ಆಯಿಲ್ ತುಂಬುವಾಗ ಆ ಕ್ರಮವನ್ನೇ ಅನುಸರಿಸಿ. ದಿನನಿತ್ಯದ ನೋಟಕ್ಕೆ ಬೆಳಗಿನ ಹೊತ್ತೇ ನನಗೆ ಹಿಡಿಸುತ್ತದೆ. ರಾತ್ರಿಯಿಡೀ ಇಳಿದು ಚೇಂಬರ್ ಸೇರಿದ ಆಯಿಲ್ ಸುಳ್ಳು ಹೇಳುವುದಿಲ್ಲ. ಎರಡರಲ್ಲಿ ಯಾವುದನ್ನು ಹಿಡಿದರೂ ಅದನ್ನೇ ಹಿಡಿಯಿರಿ, ಒಂದು ವಾರ ಹಾಗೆ ಒಂದು ವಾರ ಹೀಗೆ ನೋಡಿದರೆ ಹೋಲಿಸಲು ಆಗುವುದಿಲ್ಲ.

ಗೇಜ್ ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ಎರಡೂ ಮಗ್ಗುಲು ನೋಡಿ. ಎರಡು ಮಗ್ಗುಲಲ್ಲಿ ಬೇರೆ ಬೇರೆ ಕಂಡರೆ ಕಡಿಮೆ ತೋರಿಸಿದ್ದೇ ನಿಜ, ಇನ್ನೊಂದು ಕೊಳವೆಯ ಗೋಡೆಗೆ ತಾಗಿ ಬಳಿದುಕೊಂಡದ್ದು. ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಎಲ್ಲೇ ಇದ್ದರೂ ಸರಿ. ಮ್ಯಾಕ್ಸ್‌ಗೆ ಮುಟ್ಟಿಸಲೇಬೇಕು ಎಂದು ಹಠ ಹಿಡಿದು ಮೇಲೆ ಹೋಗುವುದಕ್ಕಿಂತ ಮುಕ್ಕಾಲಿಗೆ ನಿಲ್ಲಿಸುವುದು ಮೇಲು. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಮೊಸರು ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ, ನೊರೆಯಿಂದ ಬೇರಿಂಗ್‌ಗೆ ಪ್ರೆಷರ್ ಸಿಗುವುದಿಲ್ಲ.

ಬಣ್ಣದ ವಿಷಯ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಹಾಕಿದ ಮೂರೇ ದಿನಕ್ಕೆ ಕಪ್ಪಾಯಿತು, ಡೂಪ್ಲಿಕೇಟ್ ಆಯಿಲ್ ಕೊಟ್ಟಿದ್ದಾರೆ ಎಂದು ಜಗಳಕ್ಕೆ ಹೋಗುವವರಿದ್ದಾರೆ. ಮಸಿಯನ್ನು ಎಳೆದುಕೊಂಡು ತನ್ನಲ್ಲೇ ತೇಲಿಸಿ ಇಟ್ಟುಕೊಳ್ಳುವುದು ಆಯಿಲ್‌ನ ಕೆಲಸ, ಕಪ್ಪಾಗದಿದ್ದರೇ ಯೋಚಿಸಬೇಕು. ಹೆದರಬೇಕಾದ ಬಣ್ಣ ಹಾಲು ಹಾಕಿದ ಕಾಫಿಯದು. ಅದು ಕೂಲೆಂಟ್ ಒಳಗೆ ಇಳಿದ ಗುರುತು, ಗಾಡಿ ಅಲ್ಲೇ ನಿಲ್ಲಿಸಿ. ಬೆರಳಿಗೆ ಹೊಳೆಯುವ ಪುಡಿ ಹತ್ತಿದರೂ ಹಾಗೆಯೇ.

ಡೀಸೆಲ್ ಬೆರೆತಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಬ್ಲಾಟಿಂಗ್ ಪೇಪರ್ ಅಥವಾ ಕಾಫಿ ಸೋಸುವ ಫಿಲ್ಟರ್ ಕಾಗದದ ಮೇಲೆ ಗೇಜ್‌ನ ತುದಿಯಿಂದ ಒಂದೇ ತೊಟ್ಟು ಬಿಡಿ. ಕಾಗದದ ನಡುಭಾಗ ಯಾವುದಕ್ಕೂ ತಾಗದ ಹಾಗೆ ಲೋಟದ ಬಾಯಿ ಮೇಲಿಟ್ಟು ರಾತ್ರಿಯಿಡೀ ಒಣಗಲು ಬಿಡಿ. ಬೆಳಿಗ್ಗೆ ನಡುವಿನ ಕಪ್ಪು ಅಂಚಿಗೆ ಹೋಗುತ್ತಾ ನಿಧಾನವಾಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಇನ್ನೂ ಮಸಿಯನ್ನು ಹೊರುತ್ತಿದೆ. ನಡುವೆ ಡಾಂಬರಿನಂಥ ಚುಕ್ಕೆ, ಅದರ ಸುತ್ತ ಗೀರಿದಂಥ ಅಂಚು, ಆಮೇಲೆ ಏನೂ ಇಲ್ಲದಿದ್ದರೆ ಆಯಿಲ್‌ನ ಆಯುಸ್ಸು ಮುಗಿದಿದೆ. ಎಲ್ಲಕ್ಕಿಂತ ಹೊರಗೆ, ಬೆಳಕಿಗೆ ಹಿಡಿದರೆ ಎಣ್ಣೆ ಕಾಗದದಂತೆ ಪಾರದರ್ಶಕವಾದ ಅಗಲ ಉಂಗುರ ಕಂಡರೆ ಡೀಸೆಲ್ ಬೆರೆತಿರುವ ಗುಮಾನಿ. ನಮ್ಮ ಹೊಸ ಗಾಡಿಯ ಆ ಕಾಗದ ಇನ್ನೂ ಡ್ಯಾಶ್‌ಬೋರ್ಡ್‌ನಲ್ಲಿದೆ. ಉಂಗುರ ನಡುವಿನ ಚುಕ್ಕೆಗಿಂತ ದೊಡ್ಡದು. ಇದು ಲ್ಯಾಬ್ ಪರೀಕ್ಷೆಯಲ್ಲ, ಆದರೆ ಮೂಗು, ಗೇಜ್, ಕಾಗದ ಮೂರೂ ಒಂದೇ ಮಾತು ಹೇಳಿದರೆ ನಂಬಿ.

ಡೀಸೆಲ್ ಅಲ್ಲಿಗೆ ಹೇಗೆ ಬಂತು? ಡಿಪಿಎಫ್‌ನ ಮಸಿ ಸುಡಲು ಕಾವು ಬೇಕು. ಅದಕ್ಕಾಗಿ ಎಷ್ಟೋ ಇಂಜಿನ್‌ಗಳು ಸಿಲಿಂಡರಿಗೆ ತಡವಾಗಿ ಸ್ವಲ್ಪ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತವೆ. ಹೈವೇಯಲ್ಲಿ ಒಂದೇ ಸ್ಪೀಡಿನಲ್ಲಿ ಹೋಗುತ್ತಿದ್ದರೆ ಆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಟೌನಿನಲ್ಲಿ ಸುಡುವುದು ಶುರುವಾಗುತ್ತದೆ, ಅಷ್ಟರಲ್ಲಿ ಅಂಗಡಿ ಬಂತು, ಆಫ್. ಮತ್ತೆ ಶುರು, ಮತ್ತೆ ಆಫ್. ಪ್ರತಿ ಸಲ ಸಿಲಿಂಡರ್ ಗೋಡೆಗೆ ಬಿದ್ದ ಡೀಸೆಲ್ ಒಂದಿಷ್ಟು ಕೆಳಗಿಳಿದು ಆಯಿಲ್ ಸೇರುತ್ತದೆ, ಸುಲಭಕ್ಕೆ ಆವಿಯಾಗಿ ಹೋಗುವುದೂ ಇಲ್ಲ.

ನಮ್ಮ ತಪ್ಪು ಆಯಿಲ್‌ನಲ್ಲಿ ಇರಲಿಲ್ಲ, ಗಾಡಿಗಳಿಗೆ ಹಂಚಿದ ಕೆಲಸದಲ್ಲಿತ್ತು. ಈಗ ಅದಲುಬದಲು ಮಾಡಿದ್ದೇವೆ. ಬಿಎಸ್-6 ಚೆನ್ನೈ ದಾರಿಗೆ, ಬಿಎಸ್-4 ಟೌನಿಗೆ. ಆರು ತಿಂಗಳಾಯಿತು, ಹೊಸ ಗಾಡಿಯ ಮಟ್ಟ ಮ್ಯಾಕ್ಸ್ ದಾಟಿಲ್ಲ. ಒಂದೇ ಗಾಡಿ ಇದ್ದು ಅದು ಬಿಎಸ್-6, ಕೆಲಸವೂ ಟೌನಿನದೇ ಎಂದರೆ ವಾರಕ್ಕೊಂದು ಸಲ ಹೈವೇಗೆ ತೆಗೆದುಕೊಂಡು ಹೋಗಿ, ಮ್ಯಾನ್ಯುವಲ್ ಹೇಳಿದ ಸ್ಪೀಡಿನಲ್ಲಿ 15–20 ನಿಮಿಷ ಬಿಡದೆ ಓಡಿಸಿ. ಡಿಪಿಎಫ್ ಲ್ಯಾಂಪು ಹತ್ತಿದಾಗ ಆಫ್ ಮಾಡಬೇಡಿ. ಬದಲಾಯಿಸುವ ಅವಧಿಯನ್ನು ಅರ್ಧಕ್ಕೆ ಇಳಿಸಿ. ಹೊಸದಾಗಿ ಕೊಳ್ಳುವವರಿಗೆ, ಓಟ ಪೂರ್ತಿ ಟೌನಿನೊಳಗೇ ಎಂದಾದರೆ, ಡೀಸೆಲ್‌ಗಿಂತ ಸಿಎನ್‌ಜಿ ಅಥವಾ ಪೆಟ್ರೋಲ್ ಪಿಕಪ್ ನೋಡಿ ಎಂದೇ ನಾನು ಹೇಳುತ್ತೇನೆ.

ಸಣ್ಣ ಪೆಟ್ರೋಲ್, ಸಿಎನ್‌ಜಿ ಗಾಡಿಗಳು

ಟಾಟಾ ಏಸ್‌ನ ಪೆಟ್ರೋಲ್, ಸಿಎನ್‌ಜಿ ಮಾದರಿಗಳು, ಮಾರುತಿ ಸೂಪರ್ ಕ್ಯಾರಿ ಈ ಸಾಲಿಗೆ ಬರುತ್ತವೆ. ಇವಕ್ಕೆ ಎಪಿಐ ಅಕ್ಷರ ಎಸ್‌ನಿಂದ ಶುರುವಾಗಬೇಕು, ಎಸ್‌ಎನ್ ಅಥವಾ 2020ರಲ್ಲಿ ಬಂದ ಎಸ್‌ಪಿ. ಸಿ ಅಕ್ಷರದ ಡೀಸೆಲ್ ಆಯಿಲ್ ಉಳಿದಿದೆ ಎಂದು ಇದಕ್ಕೆ ಸುರಿಯಬೇಡಿ. ಸಿಎನ್‌ಜಿಯಲ್ಲಿ ಆಯಿಲ್ ತಿಂಗಳುಗಟ್ಟಲೆ ಜೇನಿನ ಬಣ್ಣದಲ್ಲೇ ಇರುತ್ತದೆ, "ಇನ್ನೂ ಹೊಸದರ ಹಾಗೈತೆ" ಎಂದು ಅವಧಿ ದಾಟಿಸುವವರೇ ಹೆಚ್ಚು. ಅಲ್ಲಿ ಮಸಿ ಇಲ್ಲದ್ದಕ್ಕೆ ಬಣ್ಣ ಬದಲಾಗಿಲ್ಲ ಅಷ್ಟೆ, ಶಾಖಕ್ಕೆ ಒಳಗೊಳಗೇ ಹಳತಾಗಿರುತ್ತದೆ. ಕಿಲೋಮೀಟರ್ ನೋಡಿ ಬದಲಾಯಿಸಿ.

ಶೋರೂಂ, ಗ್ಯಾರೇಜ್, ಮನೆ

ವಾರಂಟಿ ಇರುವವರೆಗೆ ಕಂಪನಿ ಸರ್ವಿಸ್ಸೇ ಸರಿ, ಬಿಲ್ಲುಗಳನ್ನು ಒಂದು ಕವರಿನಲ್ಲಿ ಹಾಕಿಡಿ. ನಾಳೆ ಇಂಜಿನ್ ತಕರಾರು ಬಂದಾಗ ಮಾತಾಡುವುದು ಆ ಕಾಗದಗಳೇ.

ಆಮೇಲೆ ನನ್ನ ಆಯ್ಕೆ ನಂಬಿಕೆಯ ಗ್ಯಾರೇಜು, ಆಯಿಲ್ ಮಾತ್ರ ನಾನೇ ತಂದದ್ದು. ಸರ್ವೊ, ಮ್ಯಾಕ್, ಎಚ್‌ಪಿ ಬೇಕಾದರೆ ಪೆಟ್ರೋಲ್ ಬಂಕಿನಲ್ಲಿ, ಕ್ಯಾಸ್ಟ್ರಾಲ್, ಶೆಲ್, ಗಲ್ಫ್, ವಾಲ್ವೊಲಿನ್ ಬೇಕಾದರೆ ಬಿಲ್ ಕೊಡುವ ಡೀಲರ್ ಹತ್ತಿರ. ದರ್ಜೆ ಮತ್ತು ಗ್ರೇಡ್ ಹೊಂದಿದರೆ ಇವುಗಳ ನಡುವೆ ಯಾವುದು ಮೇಲು ಎಂಬ ಜಗಳ ವ್ಯರ್ಥ. ಮುಚ್ಚಳದ ಸೀಲು ನಿಮ್ಮ ಕಣ್ಣ ಮುಂದೆ ಒಡೆಯಲಿ, ಖಾಲಿ ಡಬ್ಬಿಗೆ ಸ್ಕ್ರೂಡ್ರೈವರ್‌ನಿಂದ ತೂತು ಹೊಡೆದೇ ಬಿಡಿ. ಗುಜರಿಗೆ ಹೋದ ಒಳ್ಳೆಯ ಡಬ್ಬಿಯಲ್ಲೇ ಡೂಪ್ಲಿಕೇಟ್ ತುಂಬಿ ವಾಪಸ್ ಬರುವುದು.

ಗ್ಯಾರೇಜಿನಲ್ಲಿ ಕೂತು ಮೂರು ಸಂಗತಿ ನೋಡಿ. ಇಂಜಿನ್ ಬಿಸಿ ಇರುವಾಗಲೇ ಇಳಿಸುತ್ತಾರಾ, ಕೊನೆಯ ತೊಟ್ಟು ಬೀಳುವವರೆಗೆ ಬಿಡುತ್ತಾರಾ ಎಂಬುದು ಒಂದು. ಡ್ರೈನ್ ಬೋಲ್ಟಿನ ವಾಷರ್ ಹೊಸದಾ ಎಂಬುದು ಇನ್ನೊಂದು, ಕೆಲವೇ ರೂಪಾಯಿಯ ಆ ತಾಮ್ರದ ಬಿಲ್ಲೆ ಉಳಿಸಿ ಅಂಗಳದ ತುಂಬ ಆಯಿಲ್ ಸುರಿಸಿಕೊಂಡವರಿದ್ದಾರೆ. ಮೂರನೆಯದು ಫಿಲ್ಟರ್. "ಮುಂದಿನ ಸಲ ಹಾಕೋಣ ಬಿಡಿ" ಎಂದರೆ ಒಪ್ಪಬೇಡಿ. ಫಿಲ್ಟರ್ ಕಟ್ಟಿಕೊಂಡರೆ ಆಯಿಲ್ ನಿಲ್ಲುವುದಿಲ್ಲ, ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲ್ ನೇರ ಬೇರಿಂಗ್‌ಗೆ ಹೋಗುತ್ತದೆ.

ಮನೆಯಲ್ಲೇ ಬದಲಾಯಿಸಿದರೆ ಕೂಲಿ ಉಳಿಯುತ್ತದೆ, ಇಂಜಿನ್ನಿನ ಪರಿಚಯವಾಗುತ್ತದೆ. ಜಾಕ್ ಒಂದರ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ದಯವಿಟ್ಟು ಯಾರೂ ತೂರಬೇಡಿ. ಇಳಿಸಿದ ಸುಟ್ಟ ಆಯಿಲನ್ನು ಬೇಲಿ ಕಂಬಕ್ಕೆ, ಕೊಟ್ಟಿಗೆ ತೊಲೆಗೆ ಗೆದ್ದಲು ಬರದಿರಲಿ ಎಂದು ಬಳಿಯುವುದು ನಮ್ಮ ಊರುಗಳಲ್ಲಿ ವಾಡಿಕೆ. ಅದರಲ್ಲಿ ಲೋಹದ ಸವೆತವೂ ಚರ್ಮಕ್ಕೆ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಇರುತ್ತವೆ. ದನ ಮೈ ಉಜ್ಜುವ ಕಂಬಕ್ಕೆ ಅದನ್ನು ಬಳಿಯುವುದು ಬೇಡ. ಸಾವಿರ ಅಡಿ ಬೋರು ಕೊರೆದು ನೀರಿಗೆ ಕಾಯುವ ಸೀಮೆ ನಮ್ಮದು, ಚರಂಡಿಗಂತೂ ಚೆಲ್ಲಲೇಬಾರದು. 2016ರ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್‌ನಿಂದ ಆಯಿಲ್ ತಯಾರಿಸುವವರ ಮೇಲೂ ಬಳಸಿದ ಆಯಿಲ್ ಮರುಬಳಕೆಯ ಹೊಣೆ ಹೊರಿಸಿದ್ದಾರೆ. ಹಳೇ ಡಬ್ಬಿಯಲ್ಲಿ ತುಂಬಿ, ಸುಟ್ಟ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಸೆಕೆಂಡ್ ಹ್ಯಾಂಡ್ ಗಾಡಿ ತಂದವರಿಗೆ

ಯಾವ ಆಯಿಲ್ ಇತ್ತು, ಯಾವಾಗ ಹಾಕಿದ್ದು, ಏನೂ ಗೊತ್ತಿರುವುದಿಲ್ಲ. ಮಾರಿದವನ ಮಾತು ಪಕ್ಕಕ್ಕಿಟ್ಟು ಮನೆಗೆ ತಂದ ವಾರದಲ್ಲೇ ಇಳಿಸಿಬಿಡಿ. ಮೊದಲ ಸಲ ದುಬಾರಿ ಸಿಂಥೆಟಿಕ್ ಬೇಡ. ಬಿಎಸ್-4 ಆದರೆ ಸಿಐ-4 ಪ್ಲಸ್ ಅಥವಾ ಸಿಕೆ-4, ಬಿಎಸ್-6 ಆದರೆ ಮ್ಯಾನ್ಯುವಲ್ ಹೇಳಿದ ದರ್ಜೆಯಲ್ಲೇ ಸಾಧಾರಣ ಬೆಲೆಯದು, ಜೊತೆಗೆ ಹೊಸ ಫಿಲ್ಟರ್. ಫ್ಲಶಿಂಗ್ ಆಯಿಲ್ ಎಂದು ಮಾರಲು ಬಂದರೆ ಬೇಡ ಎನ್ನಿ. ವರ್ಷಗಟ್ಟಲೆ ಕೂತ ಕಿಟ್ಟ ಒಮ್ಮೆಗೇ ಕಿತ್ತು ಬಂದು ಆಯಿಲ್ ಎಳೆಯುವ ಜಾಲರಿಗೆ ಸಿಕ್ಕಿಕೊಂಡರೆ ಇದ್ದ ಇಂಜಿನ್ನೂ ಹೋಗುತ್ತದೆ. ಈ ಹೊಸ ಆಯಿಲ್ಲೇ ನಿಧಾನವಾಗಿ ತೊಳೆಯಲಿ, 3,000 ಕಿಲೋಮೀಟರಿಗೆ ಇಳಿಸಿ, ಮತ್ತೆ ಹೊಸ ಫಿಲ್ಟರ್ ಹಾಕಿ. ಆ ನಡುವೆ ದಿನಾ ಬೆಳಿಗ್ಗೆ ಗೇಜ್ ನೋಡಿ ತಾರೀಖು, ಕಿಲೋಮೀಟರ್, ಮಟ್ಟ ಬರೆದಿಡಿ. ಸಾವಿರ ಕಿಲೋಮೀಟರಿಗೆ ಲೀಟರ್ ಹತ್ತಿರ ಕುಡಿಯುತ್ತಿದ್ದರೆ, ಹಿಂದೆ ನೀಲಿ ಹೊಗೆಯೂ ಇದ್ದರೆ, ಯಾವ ಡಬ್ಬಿಯೂ ಅದನ್ನು ಸರಿಮಾಡುವುದಿಲ್ಲ, ಇಂಜಿನ್ ಬಿಚ್ಚಿಸಬೇಕು. ತಿರುವಿನಲ್ಲಿ ಕೆಂಪು ಆಯಿಲ್ ಲ್ಯಾಂಪು ಮಿಣುಕಿದರೂ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಆ ಲ್ಯಾಂಪು ಹೇಳುವುದು ಆಯಿಲ್ ಕಡಿಮೆಯಾಗಿದೆ ಎಂದಲ್ಲ, ಪ್ರೆಷರ್ ಹೋಗಿದೆ ಎಂದು. ಮನೆಗೆ ಇನ್ನು ಎರಡೇ ಕಿಲೋಮೀಟರ್ ಇದ್ದರೂ ಎಳೆಸಿಕೊಂಡೇ ಹೋಗಿ.